ಊರ ಕಾವಲು ಯಾರ ಹೊಣೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಲ್ಲಿ ಮತದಾರರ ಪಟ್ಟಿ ತಿರುವಿದರೆ ತಳವಾರ, ವಾಲೀಕಾರ, ಪಾಟೀಲ ಎಂಬ ಅಡ್ಡಹೆಸರುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಇಂದು ಇವು ಬರಿಯ ಹೆಸರುಗಳು. ಒಂದು ಕಾಲಕ್ಕೆ ಇವು ಊರು ಕಾಯುವ ಉದ್ಯೋಗಗಳಾಗಿದ್ದವು. ಪೊಲೀಸರು ಮತ್ತು ನಾಗರಿಕರು ಕೈಜೋಡಿಸಿದರೆ ಮಾತ್ರ ಅಪರಾಧ ತಡೆಯಬಹುದು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕಿತ್ತೂರು ಸೀಮೆಗೆ ಈ ವಿಚಾರ ಹೊಸದೇನಲ್ಲ. ಆದರೆ ಹಳೆಯ ಏರ್ಪಾಡು ಹೇಗೆ ನಡೆಯುತ್ತಿತ್ತು, ಏಕೆ ಮುರಿದುಬಿತ್ತು ಎಂಬುದನ್ನು ತಿಳಿಯದೆ ಹೊಸದನ್ನು ಕಟ್ಟುವುದು ಕಷ್ಟ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡಾಗ ಆ ಪ್ರದೇಶದ ಉಸ್ತುವಾರಿ ವಹಿಸಿಕೊಂಡವನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. 1819ರಲ್ಲಿ ಬರೆದ ವರದಿಯಲ್ಲಿ ಅವನು ದಖ್ಖನಿನ ಹಳ್ಳಿಗಳ ಕಾವಲು ಪದ್ಧತಿಯನ್ನು ವಿವರವಾಗಿ ದಾಖಲಿಸಿದ್ದಾನೆ. ರಾತ್ರಿ ಗಸ್ತು ತಿರುಗುವುದು, ಊರಿಗೆ ಬಂದವರು, ಹೋದವರು ಯಾರೆಂದು ಗಮನಿಸುವುದು, ಸಂಶಯ ಬಂದರೆ ಪಾಟೀಲನಿಗೆ ತಿಳಿಸುವುದು ಕಾವಲುಗಾರನ ಕೆಲಸ. ಅವನಿಗೆ ಸಲ್ಲುತ್ತಿದ್ದ ಸಂಭಾವನೆಯ ಒಂದು ಭಾಗ ಮನೆಮನೆಯಿಂದ ಕಾಳುಕಡಿಯ ರೂಪದಲ್ಲಿ ಬರುತ್ತಿತ್ತು. ಹೀಗಾಗಿ ಯಾರ ಮನೆಯಲ್ಲಿ ಏನಿದೆ, ಯಾರ ನಡತೆ ಎಂಥದು ಎಂಬುದು ಅವನಿಗೆ ತಾನಾಗಿಯೇ ತಿಳಿದಿರುತ್ತಿತ್ತು.

ಕಳವಾದರೆ ಅವನು ಕಳ್ಳನ ಹೆಜ್ಜೆ ಗುರುತು ಹಿಡಿದು ಹೊರಡಬೇಕು. ಹೆಜ್ಜೆ ಪಕ್ಕದ ಊರಿನ ಸೀಮೆ ದಾಟಿತೆಂದು ಆ ಊರಿನ ಕಾವಲುಗಾರನಿಗೆ ಮನವರಿಕೆ ಮಾಡಿಕೊಟ್ಟರೆ ಹೊಣೆ ಅವನಿಗೆ ವರ್ಗವಾಗುತ್ತಿತ್ತು. ಹೆಜ್ಜೆ ಎಲ್ಲಿ ನಿಂತಿತೋ ಆ ಊರು ಕಳವಾದ ಮಾಲಿಗೆ ಉತ್ತರ ಹೇಳಬೇಕು. ಕಾವಲುಗಾರನ ಕೈಲಾದಷ್ಟು ಅವನಿಂದ, ಉಳಿದದ್ದು ಇಡೀ ಊರಿನಿಂದ ವಸೂಲಾಗುತ್ತಿತ್ತು. ನಷ್ಟ ಪೂರ್ತಿ ವಸೂಲು ಮಾಡುವುದು ಅನ್ಯಾಯವೆಂದು ಎಲ್ಫಿನ್‌ಸ್ಟನ್‌ನೇ ಒಪ್ಪಿದ್ದಾನೆ. ಆದರೂ ನೆರೆಮನೆಯ ಕಳವು ತನ್ನ ನಷ್ಟವೂ ಹೌದು ಎಂಬ ತಿಳಿವಳಿಕೆಯನ್ನು ಈ ಪದ್ಧತಿ ಊರಿಗೆ ಕಲಿಸಿತ್ತು.

ಕಿತ್ತೂರು ಸಂಸ್ಥಾನದಲ್ಲಿ ಈ ಸೇವೆ ಮಾಡುವವರಲ್ಲಿ ಶೇತಸನದಿಗಳು ಮುಖ್ಯರು. ಶೇತ ಎಂದರೆ ಹೊಲ, ಸನದು ಎಂದರೆ ಅಧಿಕಾರಪತ್ರ. ಸೇವೆಗೆ ಪ್ರತಿಯಾಗಿ ಹೊಲ ಪಡೆದವನೇ ಶೇತಸನದಿ. ಶಾಂತಿಯ ಕಾಲದಲ್ಲಿ ಊರ ಕಾವಲು, ಯುದ್ಧ ಬಂದರೆ ಸೈನಿಕ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಇಂಥ ಒಬ್ಬ ಶೇತಸನದಿ.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರ್‌ನಲ್ಲಿ ಕೋಟೆ ಕಂಪನಿ ಸರಕಾರದ ವಶವಾಯಿತು. ಬಳಿಕ ಹೊಸ ಸರಕಾರದ ಕಣ್ಣು ಇನಾಮು ಭೂಮಿಗಳ ಮೇಲೆ ಬಿತ್ತು. ರಾಯಣ್ಣನ ಹೊಲದ ಒಂದು ಭಾಗ ಮುಟ್ಟುಗೋಲಾಗಿ, ಉಳಿದುದಕ್ಕೆ ಕಂದಾಯ ಏರಿತು ಎಂದು ಇತಿಹಾಸ ಹೇಳುತ್ತದೆ. 1830ರ ಆರಂಭದಲ್ಲಿ ಅವನು ದಂಗೆಯೆದ್ದು ಸರಕಾರಿ ಕಚೇರಿಗಳಿಗೆ ಬೆಂಕಿ ಇಟ್ಟ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ನಾಡಾಭಿಮಾನ, ಚೆನ್ನಮ್ಮ ರಾಣಿಯ ಮೇಲಿನ ನಿಷ್ಠೆ ಈ ದಂಗೆಯ ಒಂದು ಮುಖವಾದರೆ, ಊರಿಗೂ ಕಾವಲುಗಾರನಿಗೂ ಇದ್ದ ನಂಟನ್ನು ಸರಕಾರ ಕಡಿದದ್ದು ಇನ್ನೊಂದು ಮುಖ. ಊರು ಕಾಯುತ್ತಿದ್ದವನೇ ಸರಕಾರದ ದಫ್ತರದಲ್ಲಿ ಬಂಡುಕೋರನಾದ.

ಮುಂದೆ 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆ ಪೊಲೀಸ್ ಪಾಟೀಲನ ಅಧಿಕಾರವನ್ನು ಲಿಖಿತ ರೂಪಕ್ಕೆ ತಂದಿತು. ಅಷ್ಟರಲ್ಲಿ ಅವನು ಊರಿಗಿಂತ ಹೆಚ್ಚಾಗಿ ಮೇಲಿನ ಅಧಿಕಾರಿಗೆ ಉತ್ತರ ಹೇಳುವವನಾಗಿದ್ದ. ಹಳೆಯ ಪದ್ಧತಿಯಲ್ಲಿ ದೋಷಗಳಿರಲಿಲ್ಲ ಎಂದಲ್ಲ. ಕಾವಲು ವಂಶಪಾರಂಪರ್ಯದ ಕೆಲಸ. ಇಷ್ಟವಿರಲಿ ಬಿಡಲಿ, ಜಾತಿ ನೋಡಿಯೇ ಹೊರೆ ಬೀಳುತ್ತಿತ್ತು. ಪರಸ್ಥಳದವರ ಮೇಲಿನ ಸಂಶಯ ಬ್ರಿಟಿಷರ ಕೈಯಲ್ಲಿ ಇನ್ನೂ ಕ್ರೂರ ರೂಪ ತಾಳಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬಗೆಯಿತು. ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳಲ್ಲಿ ಅವರನ್ನು ಕೂಡಿಹಾಕಲಾಯಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಗಡಿಯಾಚೆಯ ಮಹಾರಾಷ್ಟ್ರ 1967ರ ಕಾಯ್ದೆಯ ಮೂಲಕ ಪೊಲೀಸ್ ಪಾಟೀಲನ ಹುದ್ದೆಯನ್ನು ವಂಶದ ಹಕ್ಕಿಲ್ಲದೆ ಉಳಿಸಿಕೊಂಡಿತು. ಇಲ್ಲಿ 1964ರ ಗ್ರಾಮ ರಕ್ಷಣಾ ದಳ ಕಾಯ್ದೆ ಊರವರನ್ನೇ ಕಾವಲಿಗೆ ಸೇರಿಸಿಕೊಳ್ಳಲು ಅವಕಾಶ ನೀಡಿತು. 2017ರಲ್ಲಿ ರಾಜ್ಯ ಪೊಲೀಸ್ ಇಲಾಖೆ ಬೀಟ್ ಪದ್ಧತಿಯನ್ನು ಹೊಸದಾಗಿ ರೂಪಿಸಿತು. ಠಾಣೆಯ ವ್ಯಾಪ್ತಿಯನ್ನು ಬೀಟುಗಳಾಗಿ ಹಂಚಿ, ಸಿಬ್ಬಂದಿಗೆ ವಹಿಸಿಕೊಟ್ಟು, ಅಲ್ಲಿನ ನಾಗರಿಕರನ್ನು ಜತೆಗೂಡಿಸಿಕೊಳ್ಳುವುದು ಇದರ ಉದ್ದೇಶ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮವೂ ಆರಂಭವಾಯಿತು. ಕಾಳಿನ ನೆಪದಲ್ಲಿ ತಳವಾರ ಗಳಿಸುತ್ತಿದ್ದ ಮನೆಮನೆಯ ಪರಿಚಯವನ್ನು ಪೊಲೀಸರು ಈಗ ಭೇಟಿಯ ಮೂಲಕ ಗಳಿಸಬೇಕಾಗಿದೆ.

ಆದರೆ ಪೊಲೀಸರು ಬಾಗಿಲಿಗೆ ಬಂದರಷ್ಟೇ ಸಾಲದು. 2023ರ ಡಿಸೆಂಬರ್‌ನಲ್ಲಿ ಇದೇ ಬೆಳಗಾವಿ ಜಿಲ್ಲೆಯ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟನೆಂಬ ಸಿಟ್ಟಿಗೆ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆಯಲಾಯಿತು. ನೋಡುತ್ತ ನಿಂತವರು ಹಲವರು; ಬಿಡಿಸಲು ಮುಂದಾದವರು ತೀರ ವಿರಳ. ಸ್ವಯಂಪ್ರೇರಣೆಯಿಂದ ಪ್ರಕರಣ ಕೈಗೆತ್ತಿಕೊಂಡ ಹೈಕೋರ್ಟ್, ಸುಮ್ಮನೆ ನಿಂತವರ ಹೊಣೆಯೇನು ಎಂದು ಕೇಳಿತು. ಅಪರಾಧ ನಡೆದ ಊರಿಗೆಲ್ಲ ಬ್ರಿಟಿಷರ ಕಾಲದಲ್ಲಿ ವಿಧಿಸುತ್ತಿದ್ದ ಪುಂಡ ಕಂದಾಯವನ್ನೂ ನೆನಪಿಸಿತು.

ದಂಡದ ಭಯದಿಂದ ಕಳವಿನ ಮಾಲು ಮರಳಿ ಬಂದೀತು. ಆದರೆ ಕಂಬಕ್ಕೆ ಕಟ್ಟಿದವರನ್ನು ಬಿಡಿಸಲು ಬೇಕಾದ ಧೈರ್ಯವನ್ನು ಅದು ತಂದುಕೊಡುವುದು ಕಷ್ಟ. ಅದಕ್ಕೆ ಎರಡು ಬಗೆಯ ನಂಬಿಕೆ ಬೇಕು: ಮುಂದೆ ಬಂದವನನ್ನು ಪೊಲೀಸರು ಕೈಬಿಡುವುದಿಲ್ಲ ಎಂಬ ನಂಬಿಕೆ, ನೆರೆಯವರು ಬೆನ್ನಿಗೆ ನಿಲ್ಲುತ್ತಾರೆ ಎಂಬ ನಂಬಿಕೆ. ಇಂದು ಯಾವುದೇ ಫೋನಿನಿಂದ 112ಕ್ಕೆ ಕರೆ ಮಾಡಬಹುದು. ಶೇತಸನದಿಯ ಹೊಲ ಹೋಗಿ ಎರಡು ಶತಮಾನವಾಗುತ್ತ ಬಂತು. ಕಾವಲಿನ ಹೊಣೆ ಮಾತ್ರ ಈಗ ಒಂದು ಮನೆತನದ್ದಲ್ಲ, ಊರಿನ ಎಲ್ಲರದು.