ಬೆಟ್ಟದ ಬಿಸಿಲನ್ನು ನಂಬುವ ಮುನ್ನ

ಡಿಸೆಂಬರ್ ಬಂತೆಂದರೆ ನಮ್ಮ ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಕನ್ನಡಿಗರ ಮಕ್ಕಳು ಊರಿನ ಜಾತ್ರೆಯ ಬದಲು ಹಿಮಾಲಯಕ್ಕೆ ಟಿಕೆಟ್ ಮಾಡಿಸುತ್ತಾರೆ. ಕೇದಾರಕಂಠದ ಚಾರಣ, ಗುಲ್ಮಾರ್ಗದ ಸ್ಕೀಯಿಂಗ್ ಇವೆಲ್ಲ ಈಗ ಸಂಘದ ಸಭೆ ಮುಗಿದ ಮೇಲಿನ ಚಹಾದ ಹೊತ್ತಿನ ಮಾತಾಗಿವೆ. ಹೆತ್ತವರು ಮಾಡುವ ಹವಾಮಾನ ವಿಚಾರಣೆ ಮಾತ್ರ ಒಂದೇ ಬಗೆಯದು. ಮೊಬೈಲಿನಲ್ಲಿ ಊರಿನ ಹೆಸರು ಒತ್ತುವುದು, ಸೂರ್ಯನ ಚಿತ್ರ ಕಂಡರೆ ನೆಮ್ಮದಿಯಿಂದ ಮಲಗುವುದು.

ನಮ್ಮವರು ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ, 9 ಜನ ಅಲ್ಲೇ ಕೊನೆಯುಸಿರೆಳೆದರು. ತಂಡದಲ್ಲಿದ್ದವರು ಬಹುತೇಕ ಕರ್ನಾಟಕದವರೇ. ಮೈನಸ್ 10 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ ಮೈಗೆ ತಟ್ಟುವುದು ಮೈನಸ್ 21ರಷ್ಟು. ಸೂರ್ಯನ ಚಿತ್ರ ನೋಡಿ ಮಲಗುವ ನಾವು ಗಾಳಿಯ ಸಾಲನ್ನು ಓದುವುದೇ ಇಲ್ಲ.

ಜೂನಿನಲ್ಲೇ ಹೀಗಾದರೆ ಚಳಿಗಾಲದ ಮಾತೇ ಬೇರೆ. ಆಗ ಹಿಮಾಲಯಕ್ಕೆ ಹಿಮ ತರುವುದು ನಮ್ಮ ಮುಂಗಾರಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಕಾಶ್ಮೀರಕ್ಕೆ ಬಂದು ಮುಟ್ಟುವ ಗಾಳಿಮಳೆಯ ಸುಳಿಗಳು. ಹವಾಮಾನ ಇಲಾಖೆಯವರು ಇವನ್ನು 'ವೆಸ್ಟರ್ನ್ ಡಿಸ್ಟರ್ಬನ್ಸ್' ಎನ್ನುತ್ತಾರೆ. ಇಷ್ಟು ದೂರದಿಂದ ಬರುವುದರಿಂದ ಕೆಲವು ದಿನ ಮೊದಲೇ ಸುಳಿವು ಸಿಗುತ್ತದೆ. ಆದರೆ ಯಾವ ಕಣಿವೆಯಲ್ಲಿ ಎಷ್ಟು ಸುರಿಯುತ್ತದೆ ಎಂಬುದನ್ನು ಹೇಳುವುದು ಕಷ್ಟ. ಒಂದು ಏಣಿನ ಆಚೆ ಮೊಣಕಾಲುದ್ದ ಹಿಮ ಬಿದ್ದರೆ ಈಚೆ ಬರೀ ಪುಡಿ ಉದುರಿರುತ್ತದೆ. ಎತ್ತರದ ಲೆಕ್ಕವೂ ಬೇರೆ. ಗುಲ್ಮಾರ್ಗ ಪೇಟೆ ಸುಮಾರು 2,650 ಮೀಟರ್ ಎತ್ತರದಲ್ಲಿದ್ದರೆ ಗೊಂಡೋಲಾದ ಮೇಲಿನ ನಿಲ್ದಾಣ 3,900 ಮೀಟರ್ ದಾಟುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಪೇಟೆಯಲ್ಲಿ ಸೊನ್ನೆ ಇದ್ದರೆ ಮೇಲೆ ಮೈನಸ್ ಎಂಟು. ಮೊಬೈಲ್ ತೋರಿಸುವುದು ಪೇಟೆಯ ಲೆಕ್ಕವನ್ನು.

ಇನ್ನು ಹಿಮ ನಿಂತು ಬಿಸಿಲು ಬಂದ ಮೇಲಿನ ಕಥೆ. ಮುಂಬಯಿಯಲ್ಲಿ ಮಳೆ ನಿಂತು ಹಳಿಯ ಮೇಲಿನ ನೀರು ಇಳಿದರೆ ಲೋಕಲ್ ಓಡುತ್ತದೆ, ಅಲ್ಲಿಗೆ ಮುಗಿಯಿತು. ಬೆಟ್ಟದಲ್ಲಿ ಹಾಗಲ್ಲ. ನವೆಂಬರಿನಲ್ಲಿ ಬಿದ್ದ ತೆಳು ಹಿಮ ಚಳಿಗೆ ಒಣಗಿ ಸಕ್ಕರೆಯಂತೆ ಬಿಡಿಬಿಡಿ ಹರಳಾಗಿರುತ್ತದೆ. ಅದರ ಮೇಲೆ ಜನವರಿಯ ಹಿಮ ಬಿದ್ದು, ಗಾಳಿಗೆ ಒತ್ತಿಕೊಂಡು ಹಲಗೆಯಂತಾಗುತ್ತದೆ. ಮಣೆಯ ಮೇಲೆ ರವೆ ಹರಡಿ, ಮೇಲೊಂದು ತಟ್ಟೆ ಇಟ್ಟು, ಮಣೆಯನ್ನು ಓರೆ ಮಾಡಿ ನೋಡಿ. ತಟ್ಟೆ ಜಾರಿದಂತೆಯೇ ಹಿಮ ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇದು ಹೆಚ್ಚು. ಸ್ಕೀಯಿಂಗ್ ಮಾಡುವವರಿಗೆ ಮೋಜು ಕೊಡುವ ಇಳಿಜಾರೂ ಅದೇ ಎನ್ನುವುದು ದುರ್ದೈವ. ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ, ಆಕಾಶ ತಿಳಿಯಾದ ಮಾತ್ರಕ್ಕೆ ಹಳೆಯ ಬಾಕಿ ತೀರುವುದಿಲ್ಲ. ದೊಡ್ಡ ಹಿಮ ಬಿದ್ದ ನಂತರದ ಒಂದೆರಡು ದಿನಗಳಲ್ಲಿ, ನೀಲಿ ಆಕಾಶದ ಕೆಳಗೇ, ಅಪಾಯ ಹೆಚ್ಚು. ಸಿಕ್ಕಿಬೀಳುವ ಹೆಚ್ಚಿನವರ ವಿಷಯದಲ್ಲಿ ಹಿಮವನ್ನು ಕೆದಕಿದ್ದು ಅವರದೇ ತೂಕ ಅಥವಾ ಜೊತೆಗಾರರದು.

2023ರ ಜನವರಿ 30ರಂದು ಕಾಶ್ಮೀರದಲ್ಲಿ ಹಿಮ ಸುರಿಯಿತು. ಫೆಬ್ರವರಿ 1ರಂದು ಗುಲ್ಮಾರ್ಗದ ಅಫರ್ವತ್ ಬೆಟ್ಟದಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ತೀರಿಕೊಂಡರು, ಇತರ ಹಲವರನ್ನು ಎಳೆದು ಉಳಿಸಲಾಯಿತು. ಹಿಮದಡಿ ಹೂತವರಿಗೆ ಮೊದಲ 10-15 ನಿಮಿಷಗಳೇ ಆಯುಷ್ಯ. ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ ಹಿಮದಡಿಯಿಂದ ಆರನೇ ದಿನ ಜೀವಂತ ಹೊರಬಂದಾಗ ಇಡೀ ದೇಶವೇ ಪ್ರಾರ್ಥಿಸಿತ್ತು. ಫೆಬ್ರವರಿ 11ರಂದು ಅವರು ಅಗಲಿದರು. ಅಂಥ ಪವಾಡವನ್ನು ನೆಚ್ಚಿಕೊಂಡು ಯಾರೂ ಬೆಟ್ಟ ಹತ್ತಬಾರದು.

ಎಚ್ಚರಿಕೆ ಕೊಡುವವರು ಇಲ್ಲವೆಂದಲ್ಲ. 1969ರಲ್ಲಿ ಮನಾಲಿಯಲ್ಲಿ ಆರಂಭವಾದ, ಡಿಆರ್‌ಡಿಒಗೆ ಸೇರಿದ ಹಿಮ ಅಧ್ಯಯನ ಸಂಸ್ಥೆ 'ಸಾಸೆ' 2020ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಸೇರಿ 'ಡಿಜಿಆರ್‌ಇ' ಆಗಿದೆ. ಚಳಿಗಾಲದಲ್ಲಿ ಯಾವ ಜಿಲ್ಲೆಯಲ್ಲಿ, ಎಷ್ಟು ಮೀಟರಿಗಿಂತ ಮೇಲೆ ಹಿಮಕುಸಿತದ ಭಯವಿದೆ ಎಂದು ಅದು ತಿಳಿಸುತ್ತದೆ. ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್‌ಗಳು 2021ರಿಂದ ಕುಫ್ರಿ, ಮುಕ್ತೇಶ್ವರದಲ್ಲೂ ಇವೆ. ನಮ್ಮ ಮಕ್ಕಳು ದುಬಾರಿ ಜಾಕೆಟಿಗೆ ಅಂಗಡಿ ಅಂಗಡಿ ಅಲೆಯುತ್ತಾರೆ, ಪುಕ್ಕಟೆ ಸಿಗುವ ಇದನ್ನು ಮಾತ್ರ ಓದುವುದಿಲ್ಲ!

ಆದುದರಿಂದ ಹಣ ಕಟ್ಟುವ ಮೊದಲು ಚಾರಣ ಏರ್ಪಡಿಸುವವರನ್ನು ಕೇಳಿರಿ. ಕಳೆದ ಎರಡು ದಿನಗಳಲ್ಲಿ ಎಷ್ಟು ಹಿಮ ಬಿದ್ದಿದೆ, ಗಾಳಿ ಯಾವ ಕಡೆಯಿಂದ ಬೀಸಿದೆ ಎಂದು ನೋಡಿ ಹೇಳುವ ಸ್ಥಳೀಯ ಗೈಡ್ ಇದ್ದಾರೆಯೇ? ಆತ ಬೇಡವೆಂದರೆ ತಂಡ ನಿಲ್ಲುತ್ತದೆಯೇ, ಅಥವಾ ಹಣ ವಾಪಸು ಕೊಡಬೇಕಾದೀತೆಂದು ಮುಂದೆ ನಡೆಸುತ್ತಾರೆಯೇ? ಹಿಮಕುಸಿತದ ಜಾಗಕ್ಕೆ ಹೋಗುವವರೆಲ್ಲರ ಬಳಿ ಸಂಕೇತ ಕಳಿಸುವ ಬೀಕನ್, ಶೋಧಿಸುವ ಕೋಲು, ಸಲಿಕೆ ಇವೆಯೇ? ಮತ್ತೆ ಮಕ್ಕಳ ವಾಪಸಾತಿ ಟಿಕೆಟನ್ನು ಎರಡು ದಿನ ತಡವಾಗಿಯೇ ಮಾಡಿಸಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರಾಗಬೇಕೆಂಬ ಅವಸರದಲ್ಲಿ ಬಹಳ ಮಂದಿ, ನಿಲ್ಲಬೇಕಾದ ದಿನವೇ ಹೊರಡುತ್ತಾರೆ.