ಹಿಡಿ ರಾಗಿ, ತಕ್ಕಡಿ, ತೊಂಬೆ ನೀರು

ಜೂನ್ 13ರಂದು ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ. ಹರಕೆ ಹೊತ್ತವರು, ಹರಕೆ ತೀರಿಸುವವರು, ಬರಿದೇ ನೋಡಲು ಬಂದವರು, ಎಲ್ಲ ಜಾತಿ ಧರ್ಮಗಳ ಜನ ಸೇರಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕ್ರೈಸ್ತರಿಗೂ ಇಂಥ ದಿನಗಳೆಂದರೆ ಬಲು ಪ್ರೀತಿ. ಹತ್ತು ಲಕ್ಷ ದಾಟಿದ ಜನಸಂಖ್ಯೆಯ ಜಿಲ್ಲೆಯಲ್ಲಿ ಅವರದು ಸಣ್ಣ ಸಮುದಾಯ. ತಾವೂ ಇಷ್ಟು ಮಂದಿ ಇದ್ದೇವೆ ಎಂಬ ಧೈರ್ಯ ಸಿಗುವುದೇ ಹಬ್ಬದಲ್ಲಿ. ಆದರೆ ಇಲ್ಲಿ ನಾನು ಹೇಳಹೊರಟಿರುವುದು ಹಬ್ಬದ ಮಾರನೆಯ ದಿನದ ಮಾತು. ಬಸ್ಸಿಳಿದು ಊರು ಸೇರಿದವರು ಬೆಳಗಾಗೆದ್ದು ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗಬೇಕು, ತೆರಕಣಾಂಬಿ ಮಾರುಕಟ್ಟೆಗೆ ತರಕಾರಿ ಸಾಗಿಸಬೇಕು, ಮುಖ ತಿರುಗಿಸಿಕೊಂಡಿರುವ ಅಣ್ಣತಮ್ಮಂದಿರ ಜೊತೆ ಒಂದೇ ಬದುವಿನಲ್ಲಿ ನಡೆಯಬೇಕು. ನಂಬಿಕೆ ಬೇರುಬಿಡುವುದೋ ಬತ್ತುವುದೋ ಆ ಬದುವಿನ ಮೇಲೆ ತೀರ್ಮಾನವಾಗುತ್ತದೆ.

ನಮ್ಮ ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1649ರಲ್ಲಿ ಇಟಲಿಯಿಂದ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರುಮಾಡಿದರು. ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದರು. ಗುರುಗಳು ಬರುವ ದಾರಿ ಮುಚ್ಚುತ್ತ ಬಂತು. 1784ರಲ್ಲಿ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದ. 1799ರ ನಂತರ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಈ ನಾಡಿಗೆ ಬಂದಾಗ ಕಂಡದ್ದು ಚದುರಿಹೋದ ಮಂದೆಯನ್ನು. ಆದರೂ ಮಂದೆ ಇತ್ತು. ಗುರುಗಳಿಲ್ಲದ, ಗುಡಿಯಿಲ್ಲದ ವರ್ಷಗಳಲ್ಲಿ ಅದನ್ನು ಕಾದದ್ದು ಮನೆಯಲ್ಲದೆ ಬೇರೆ ಯಾವುದು? ಜಪಾನಿನ ಕಥೆ ಇನ್ನೂ ದೊಡ್ಡದು. 1614ರಲ್ಲಿ ಅಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿತ್ತು. 1865ರಲ್ಲಿ ನಾಗಸಾಕಿಯ ಒಉರಾ ಚರ್ಚಿಗೆ ಹಳ್ಳಿಗರ ಒಂದು ಗುಂಪು ಬಂದು, ತಾವೂ ಅದೇ ನಂಬಿಕೆಯವರೆಂದು ಗುರುಗಳ ಬಳಿ ಮೆಲ್ಲಗೆ ಹೇಳಿಕೊಂಡಿತು. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಹಬ್ಬಹುಣ್ಣಿಮೆಗಳ ಲೆಕ್ಕ ಇಡುವವನೊಬ್ಬ, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವನೊಬ್ಬ, ಬಾಯಿಂದ ಬಾಯಿಗೆ ದಾಟಿದ ಪ್ರಾರ್ಥನೆಗಳು, ಇಷ್ಟೇ ಅವರ ಆಸ್ತಿ.

ಸಣ್ಣ ಕೆಲಸಕ್ಕೆ ಇಷ್ಟು ಬಲ ಹೇಗೆ ಬರುತ್ತದೆ ಎನ್ನುವುದಕ್ಕೆ ಈಗಿನ ವಿಜ್ಞಾನವೂ ಒಂದು ಉತ್ತರ ಕೊಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ದಿನಕ್ಕೊಮ್ಮೆ ಮಾಡುವ ಸಣ್ಣ ಕೆಲಸವೊಂದು ಯೋಚಿಸದೆ ಮಾಡುವಷ್ಟು ರೂಢಿಯಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕೆಂಬ ಅಂದಾಜು. ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂಬುದೂ ಅದರಲ್ಲಿ ಕಂಡುಬಂತು. ತಪಸ್ಸುಕಾಲ 40 ದಿನದ್ದು. ಬೂದಿ ಬುಧವಾರ ಹಿಡಿದ ವ್ರತವನ್ನು ಪಾಸ್ಖ ಹಬ್ಬದ ಊಟದೊಂದಿಗೆ ಬಿಟ್ಟುಬಿಟ್ಟರೆ ಬಹಳಷ್ಟು ಮಂದಿಯಲ್ಲಿ ಅದು ಮೊಳಕೆಯಲ್ಲೇ ಮುರಿದಂತೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಿಂದ ಬಿಡದೆ ಮಾಡಿಕೊಂಡು ಬಂದಿರುವುದನ್ನು ನೋಡಿ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ದೇವರ ಕೆಲಸಕ್ಕೆಂದು ತೆಗೆದಿಡುತ್ತಾರೆ. ಬಡತನದಲ್ಲಿ ಹುಟ್ಟಿದ ಆ ಹಿಡಿ ಅಕ್ಕಿ ಇವತ್ತು ಅಲ್ಲಿನ ಸಭೆಯ ದೊಡ್ಡ ಆದಾಯಗಳಲ್ಲೊಂದು. ಗುಂಡ್ಲುಪೇಟೆಯ ಅಡುಗೆಮನೆಯಲ್ಲಿ ಅದು ಹಿಡಿ ರಾಗಿಯಾಗಬಹುದು. ಹಣದ ಮಾತು ಬಿಡಿ, ದಿನಕ್ಕೆರಡು ಬಾರಿ ಒಲೆಯ ಮುಂದೆ ನಿಂತವಳಿಗೆ ಹಸಿದ ಇನ್ನೊಬ್ಬರ ನೆನಪಾಗುತ್ತದಲ್ಲ, ಅದಕ್ಕೆ ಬೆಲೆ ಕಟ್ಟಲಾಗದು.

ದಿನದ ಸಣ್ಣ ಕೆಲಸಗಳೇ ನಂಬಿಕೆಯನ್ನು ಕಾಯುತ್ತವೆ ಎಂಬ ಈ ಮಾತಿಗೆ ಕ್ರೈಸ್ತರೊಳಗಿಂದಲೇ ಬರುವ ಗಟ್ಟಿ ಆಕ್ಷೇಪವೊಂದಿದೆ. ನಂಬಿಕೆ ದೇವರ ವರ, ಮನುಷ್ಯನ ಸಾಧನೆಯಲ್ಲ. ದಿನಚರಿಯಿಂದ ಅದನ್ನು ಸಂಪಾದಿಸಲು ಹೊರಡುವುದು ಸಂತ ಪೌಲರ ಬೋಧನೆಗೇ ವಿರುದ್ಧ ಎಂದು. ಮಾತು ಸರಿ. ಮಳೆ ತರಿಸುವುದು ರೈತನ ಕೈಯಲ್ಲಿಲ್ಲ. ಹಾಗೆಂದು ಈ ಒಣಸೀಮೆಯ ಯಾವ ರೈತನೂ ಮುಂಗಾರಿಗೆ ಮುಂಚೆ ಹೊಲ ಉಳದೆ ಕೂರುವುದಿಲ್ಲ. ಉತ್ತ ಹೊಲದೊಳಗೆ ನೀರು ಇಳಿಯುತ್ತದೆ, ಗಟ್ಟಿ ನೆಲದ ಮೇಲೆ ಹರಿದುಹೋಗುತ್ತದೆ. ರೂಢಿಯಾದದ್ದು ಯಾಂತ್ರಿಕವಾಗುತ್ತದೆ ಎನ್ನುವವರ ಭಯವೂ ಸುಳ್ಳಲ್ಲ. ಜಪಸರದ ಮಣಿ ಬೆರಳಲ್ಲಿ, ಮನಸ್ಸು ಟಿ.ವಿ. ಮೇಲೆ, ಎಲ್ಲರೂ ಬಲ್ಲದ್ದೇ. ಆದರೆ ಮನಸ್ಸು ಬಂದಾಗ ಮಾತ್ರ ಪ್ರಾರ್ಥಿಸುತ್ತೇನೆ ಎಂದವರಿಗೆ ಆ ಮನಸ್ಸು ಬರುವ ದಿನಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತವೆ.

ಪುರುಸೊತ್ತಿದ್ದವರಿಗೆ ಸರಿ, ಕೂಲಿಯವರಿಗೆಲ್ಲಿ ಸಮಯ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಕತ್ತಲಿರುವಾಗಲೇ ಎದ್ದು ವಯನಾಡಿನ ಕಡೆಗೆ ಕೆಲಸಕ್ಕೆ ಹೋಗುವವರಿಗೆ ಒಂದು ಗಂಟೆ ಧ್ಯಾನ ಮಾಡಿ ಎನ್ನುವುದು ಕ್ರೌರ್ಯ. ಆದರೆ ನಾನು ಹೇಳುವ ಆಯ್ಕೆಗಳು ಬೇರೆ ಸಮಯ ಕೇಳುವುದಿಲ್ಲ, ಕೆಲಸದೊಳಗೇ ಇವೆ. ತೂಕ ಹಾಕುವವನು ಮುಳ್ಳು ನಿಲ್ಲುವವರೆಗೆ ಕಾಯುವುದು, ಟೊಮೆಟೊ ಕ್ರೇಟಿನ ತಳಕ್ಕೆ ಕೊಳೆತದ್ದನ್ನು ಮುಚ್ಚಿಡದಿರುವುದು, ಆಳಿನ ಕೂಲಿಯನ್ನು ಸಂಜೆಯೇ ಕೈಗಿಡುವುದು. ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವೇ ವಿಧಿಸಿದೆ. ಕಾಣಿಕೆ ಅರ್ಪಿಸುವ ಮೊದಲು, ನಿನ್ನ ಮೇಲೆ ಬೇಸರವಿರುವ ಸಹೋದರನೊಂದಿಗೆ ರಾಜಿಯಾಗಿ ಬಾ ಎಂದು ಯೇಸು ಹೇಳಿದ್ದೂ ಇದೇ ಜಾಡಿನ ಮಾತು. ಹೊತ್ತಿಗೆ ಸರಿಯಾಗಿ ಕೂಲಿ ಕೊಡುವ ಧಣಿಯ ಪ್ರಾರ್ಥನೆ ದೀರ್ಘವಾಗಿರಬೇಕೆಂದೇನೂ ಇಲ್ಲ.

ಎಲ್ಲಕ್ಕಿಂತ ಕಷ್ಟದ ಆಯ್ಕೆ ಜಾತಿಯದು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬರು ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದ ಸುದ್ದಿ ದೇಶವೆಲ್ಲ ಹರಡಿತು. ಇದು ಬೇರೆಯವರ ಮನೆಯ ಕೊಳೆ ಎಂದು ಕ್ರೈಸ್ತರು ಪಕ್ಕಕ್ಕೆ ಸರಿಯುವಂತಿಲ್ಲ. ಸಭೆಯೊಳಗೂ ಅಸ್ಪೃಶ್ಯತೆ ಇದೆಯೆಂದು 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ ತಮ್ಮ ದಲಿತ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ. ಯೊವಾನ್ನನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಸುಡುಬಿಸಿಲಿನಲ್ಲಿ ಬಾವಿಕಟ್ಟೆಯ ಮೇಲೆ ಕೂತ ಯೇಸು, ಯೆಹೂದ್ಯರು ಪಾತ್ರೆ ಮುಟ್ಟದ ಸಮಾರ್ಯ ಕುಲದ ಹೆಂಗಸಿನ ಬಳಿ ಕುಡಿಯಲು ನೀರು ಕೇಳುತ್ತಾನೆ. ದಾಹದ ಮಾತಿನಿಂದಲೇ ಆ ಇಡೀ ಸಂಭಾಷಣೆ ಹುಟ್ಟುತ್ತದೆ. ಊಟ ಕೊಂಡುತರಲು ಊರೊಳಗೆ ಹೋಗಿದ್ದ ಶಿಷ್ಯರು ಹಿಂದಿರುಗಿ ಬೆರಗಾಗುತ್ತಾರೆ. ನಮ್ಮಲ್ಲಿ ಯಾರ ಮನೆಯ ಲೋಟದಲ್ಲಿ ಕುಡಿಯುತ್ತೇವೆ, ಕೂಲಿಗೆ ಬಂದವರಿಗೆ ಯಾವ ತಟ್ಟೆಯಲ್ಲಿ ಊಟ ಬಡಿಸುತ್ತೇವೆ, ಮಗಳ ಮದುವೆಗೆ ಯಾವ ಬೀದಿಗೆ ಲಗ್ನಪತ್ರಿಕೆ ಹೋಗುವುದಿಲ್ಲ ಎಂಬುದು ಪ್ರತಿದಿನ, ಯಾರೂ ಗಮನಿಸದ ಹಾಗೆ, ನಿಶ್ಚಯವಾಗುತ್ತಲೇ ಇರುತ್ತದೆ. ಭಾನುವಾರ ಒಂದೇ ಬಟ್ಟಲಿಂದ ಹಂಚಿಕೊಂಡವರು ಸೋಮವಾರ ಮನೆಯ ಅಟ್ಟದಿಂದ ಬೇರೆ ಲೋಟ ಇಳಿಸುತ್ತಾರೆಯೇ ಎಂದು ನೋಡುವ ಕಣ್ಣು ಹೊರಗಿನವರದೂ ಹೌದು, ಅಂಗಳದಲ್ಲಿ ಆಡುತ್ತಿರುವ ಮಕ್ಕಳದೂ ಹೌದು.