ಐರ್ಲೆಂಡಿನಲ್ಲಿ ವಿವಾಹ: ಮತಪೆಟ್ಟಿಗೆಯಲ್ಲಿ ಬದಲಾದ ಅರ್ಥ

ವಿವಾಹವೆಂದರೇನು ಎಂಬ ಪ್ರಶ್ನೆಗೆ ಬಹುತೇಕ ದೇಶಗಳಲ್ಲಿ ಶಾಸನಸಭೆಯೋ ನ್ಯಾಯಾಲಯವೋ ಉತ್ತರ ನೀಡುತ್ತದೆ. ಐರ್ಲೆಂಡಿನಲ್ಲಿ ಆ ಉತ್ತರವನ್ನು ಮತದಾರರೇ ಮತ್ತೆ ಮತ್ತೆ ತಿದ್ದಿದ್ದಾರೆ. ಇದಕ್ಕೆ ಕಾರಣ 1937ರ ಸಂವಿಧಾನದ 41ನೆಯ ವಿಧಿ. ಅದು ಕುಟುಂಬವನ್ನು ಸಮಾಜದ ಮೂಲ ಘಟಕವೆಂದು ಸಾರಿ, ವಿವಾಹವನ್ನು ಆ ಕುಟುಂಬದ ಬುನಾದಿಯಾಗಿಸಿತು. ವಿಚ್ಛೇದನಕ್ಕೆ ಎಡೆಗೊಡುವ ಕಾನೂನನ್ನೇ ನಿಷೇಧಿಸಿತು. ಸಂವಿಧಾನದ ಯಾವ ತಿದ್ದುಪಡಿಗೂ ಅಲ್ಲಿ ಜನಮತಗಣನೆ ಅನಿವಾರ್ಯ.

ಕ್ಯಾಥೊಲಿಕ್ ಚರ್ಚಿನ ಪ್ರಭಾವ ಗಾಢವಾಗಿದ್ದ ಆ ಸಮಾಜದಲ್ಲಿ ನಾಗರಿಕ ಸೇವೆಯಲ್ಲಿದ್ದ ಹೆಣ್ಣು ಮದುವೆಯಾದೊಡನೆ ಕೆಲಸ ಬಿಡಬೇಕಿತ್ತು. ಈ ನಿರ್ಬಂಧ ತೆರವಾದದ್ದು 1973ರಲ್ಲಿ. ವಿವಾಹದ ಹೊರಗೆ ಜನಿಸಿದ ಮಕ್ಕಳ ಮೇಲಿದ್ದ ಕಾನೂನಿನ ಕಳಂಕವನ್ನು ಅಳಿಸಲು 1987ರ ಶಾಸನ ಬರಬೇಕಾಯಿತು. ಪತ್ನಿಯ ಮೇಲಿನ ಅತ್ಯಾಚಾರದಲ್ಲಿ ಪತಿಗಿದ್ದ ವಿನಾಯಿತಿ 1990ರಲ್ಲಿ ರದ್ದಾಯಿತು.

ವಿಚ್ಛೇದನದ ಹಾದಿ ಇನ್ನೂ ದುರ್ಗಮವಾಗಿತ್ತು. 1986ರಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು. ಮನೆ, ಹೊಲಗಳ ಮೇಲಿನ ಹಕ್ಕು ಮೊದಲ ಪತ್ನಿಯ ಕೈತಪ್ಪೀತೆಂಬ ಭಯ ಆಗ ಪ್ರಬಲವಾಗಿತ್ತು. 1995ರಲ್ಲಿ ಕೇವಲ 9,114 ಮತಗಳ ಅಂತರದಿಂದ ಅದು ಅಂಗೀಕಾರವಾಯಿತು. ಆದರೆ ಹಿಂದಿನ ಐದು ವರ್ಷಗಳಲ್ಲಿ ನಾಲ್ಕು ವರ್ಷ ಬೇರೆಯಾಗಿ ಬಾಳಿರಬೇಕೆಂಬ ಷರತ್ತಿತ್ತು. 2019ರ ಜನಮತಗಣನೆಯಲ್ಲಿ ಶೇ. 82ರಷ್ಟು ಮತದಾರರು ಆ ಅವಧಿಯನ್ನು ಸಂವಿಧಾನದಿಂದ ತೆಗೆಯಲು ಒಪ್ಪಿದರು. ಈಗ ಮೂರು ವರ್ಷಗಳಲ್ಲಿ ಎರಡು ವರ್ಷ ಬೇರೆಯಿದ್ದರೆ ಸಾಕು.

ಸಲಿಂಗ ಸಂಬಂಧ ಅಪರಾಧವಲ್ಲವೆಂದು ಕಾನೂನಾದದ್ದು 1993ರಲ್ಲಿ. 22 ವರ್ಷಗಳ ಬಳಿಕ, 2015ರ ಮೇ 22ರಂದು, ಶೇ. 62ರಷ್ಟು ಮತದಾರರು ಲಿಂಗಭೇದವಿಲ್ಲದೆ ಇಬ್ಬರು ವಿವಾಹವಾಗಬಹುದೆಂಬ ತಿದ್ದುಪಡಿಗೆ ಒಪ್ಪಿಗೆಯಿತ್ತರು.

ಹೀಗೆ ವಿವಾಹದೊಳಕ್ಕೆ ಬರುವ, ಅದರಿಂದ ಹೊರಹೋಗುವ ಬಾಗಿಲುಗಳೆರಡೂ ಅಗಲವಾದವು. ಆದರೆ ವಿವಾಹವೇ ಕುಟುಂಬದ ಬುನಾದಿ ಎಂಬ ನಿಲುವು ಕದಲಲಿಲ್ಲ. 2024ರ ಜನವರಿಯಲ್ಲಿ, ಮದುವೆಯಾಗದೆ ಸಂಗಾತಿಯೊಡನೆ ಬಾಳಿ, ಆಕೆಯನ್ನು ಕಳೆದುಕೊಂಡ ತಂದೆಯೊಬ್ಬನಿಗೆ ವಿಧುರ ಪಿಂಚಣಿ ನಿರಾಕರಿಸಿದ್ದು ತಪ್ಪೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದಕ್ಕೆ ಆಧಾರ ಸಮಾನತೆಯ ವಿಧಿಯೇ ಹೊರತು ಕುಟುಂಬದ ವಿಧಿಯಲ್ಲ. ಅದೇ ಮಾರ್ಚ್ 8ರಂದು, ವಿವಾಹವಲ್ಲದ ಸ್ಥಿರ ಸಂಬಂಧಗಳನ್ನೂ ಕುಟುಂಬವೆಂದು ಪರಿಗಣಿಸುವ ತಿದ್ದುಪಡಿಯನ್ನು ಮೂರನೆಯ ಎರಡರಷ್ಟು ಮತದಾರರು ತಳ್ಳಿಹಾಕಿದರು.

ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ದೂರದ ಸಂಗತಿಯಲ್ಲ. ಭಾರತದ 1955ರ ಹಿಂದೂ ವಿವಾಹ ಕಾಯ್ದೆಯಂತೆ, ಸಪ್ತಪದಿಯ ಸಂಪ್ರದಾಯವಿರುವಲ್ಲಿ ಏಳನೆಯ ಹೆಜ್ಜೆಯೊಡನೆ ವಿವಾಹ ಪೂರ್ಣವಾಗುತ್ತದೆ. ಐರ್ಲೆಂಡಿನಲ್ಲಿ ಅದಷ್ಟೇ ಸಾಲದು: ಸಾಮಾನ್ಯವಾಗಿ ಮೂರು ತಿಂಗಳು ಮುಂಚಿತವಾಗಿ ನೋಂದಣಾಧಿಕಾರಿಗೆ ತಿಳಿಸಬೇಕು, ಸರ್ಕಾರಿ ಪಟ್ಟಿಯಲ್ಲಿರುವ ಪುರೋಹಿತರೋ ಅಧಿಕಾರಿಯೋ ಇಬ್ಬರು ಸಾಕ್ಷಿಗಳೆದುರು ವಿವಾಹ ನೆರವೇರಿಸಬೇಕು. ಪುರೋಹಿತರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ನೋಂದಣಿ ಕಚೇರಿಯಲ್ಲಿ ಮದುವೆಯಾಗಿ, ಶಾಸ್ತ್ರವನ್ನು ಬೇರೆಯಾಗಿ ನಡೆಸಬಹುದು.

ಈ ಅಂತರದ ಬೆಲೆ ತಿಳಿಯುವುದು ಸಾವಿನ ಬಳಿಕ. 1965ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲಿನಲ್ಲಿ ಏನೇ ಬರೆದಿದ್ದರೂ ಉಳಿದ ಪತಿ ಅಥವಾ ಪತ್ನಿಗೆ, ಮಕ್ಕಳಿದ್ದರೆ ಮೂರನೆಯ ಒಂದು ಪಾಲು, ಇಲ್ಲದಿದ್ದರೆ ಅರ್ಧ ಪಾಲು ಸಲ್ಲಬೇಕು. ಅಲ್ಲಿ ಅಗ್ನಿಸಾಕ್ಷಿಯಾಗಿ ಮಾತ್ರ ಮದುವೆಯಾದವರಿಗೆ ಆ ಹಕ್ಕು ತಾನಾಗಿ ದೊರೆಯದು. ಸಹಜೀವಿಯೆಂದು ನ್ಯಾಯಾಲಯದ ಮೊರೆಹೋಗಬೇಕಾಗುತ್ತದೆ.